ಮಂಡಿ ಸವೆದ ಕ್ಯಾಚರಿಗೆ ಬೆಲೆ ಎಷ್ಟು?

ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಅವರಲ್ಲೊಬ್ಬ ಇತ್ತೀಚೆಗೆ ಮಿಂಚಂಚೆ ಬರೆದು, "ಮೇಷ್ಟ್ರೇ, ನಮಗೆ ಷಟ್ಪದಿಗೆ ಪ್ರಸ್ತಾರ ಹಾಕುವುದನ್ನು ಕಲಿಸಿದವರು ನೀವು. ಈಗ ಬೆಳಗಿನ ಕಾಫಿಯ ಹೊತ್ತಿಗೆ ಬೇಸ್‌ಬಾಲ್ ಹಚ್ಚಿಕೊಂಡು ಕೂರುತ್ತೀರಂತೆ, ನಿಜವೇ?" ಎಂದು ಕೇಳಿದ್ದಾನೆ. ನಿಜ. ಲಾಸ್ ಏಂಜಲೀಸಿನಲ್ಲಿ ರಾತ್ರಿ ನಡೆಯುವ ಆಟ ನಮ್ಮಲ್ಲಿಗೆ ಬೆಳಗಾಗುವಾಗ ಬರುತ್ತದೆ. ನಿವೃತ್ತನಿಗೆ ಇದಕ್ಕಿಂತ ಅನುಕೂಲವಾದ ವೇಳೆ ಬೇರಿಲ್ಲ. ನೋಡುವುದಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಆ ಆಟದ ಒಂದು ಪ್ರಶ್ನೆಯನ್ನು ಸುಮಾರು ಒಂದು ದಶಕದಿಂದ ತಲೆಯಲ್ಲಿ ಹೊತ್ತುಕೊಂಡು ತಿರುಗುತ್ತಿದ್ದೇನೆ. ವಯಸ್ಸಾಗಿ ಆಟ ಇಳಿಮುಖವಾಗಿರುವ ಒಬ್ಬ ಕ್ಯಾಚರ್‌ನನ್ನು, ನಮ್ಮವನೇ ಆದ ಇನ್ನೊಬ್ಬನನ್ನು ಕೊಟ್ಟು, ಬೇರೆ ತಂಡದಿಂದ ತರಿಸಿಕೊಳ್ಳುವುದು ವಿವೇಕವೇ ಎಂಬುದು ಆ ಪ್ರಶ್ನೆ.

ಬೇಸ್‌ಬಾಲ್ ನೋಡಿರದ ನಮ್ಮ ಊರಿನ ಬಂಧುಗಳಿಗಾಗಿ ಎರಡು ಮಾತು. ಚೆಂಡೆಸೆಯುವವನು ಪಿಚರ್. ಬ್ಯಾಟು ಹಿಡಿದವನ ಬೆನ್ನ ಹಿಂದೆ, ಮುಖಕ್ಕೆ ಕಂಬಿಯ ಮುಖವಾಡ, ಎದೆಗೆ ಮೆತ್ತೆ, ಮೊಣಕಾಲಿಗೆ ಕವಚ ಧರಿಸಿ ಕುಕ್ಕರುಗಾಲಿನಲ್ಲಿ ಕುಳಿತಿರುವವನು ಕ್ಯಾಚರ್. ನಮ್ಮ ವಿಕೆಟ್‌ಕೀಪರನ ದಾಯಾದಿ ಎನ್ನಬಹುದು. ಆದರೆ ಒಂದು ದೊಡ್ಡ ವ್ಯತ್ಯಾಸವುಂಟು. ಚಂದ್ರಶೇಖರ್ ಯಾವ ಎಸೆತ ಹಾಕುತ್ತಾರೆಂಬುದನ್ನು ಕಿರ್ಮಾನಿಯವರು ಅವರ ಕೈಯನ್ನು ನೋಡಿ ಗ್ರಹಿಸಬೇಕಾಗಿತ್ತು; ಇಂಥದ್ದನ್ನೇ ಹಾಕು ಎಂದು ವಿಧಿಸುವ ಅಧಿಕಾರ ಕೀಪರನಿಗಿಲ್ಲ. ಕ್ಯಾಚರ್‌ಗೆ ಅದು ಉಂಟು. ತೊಡೆಗಳ ನಡುವೆ ಬೆರಳುಗಳ ಸನ್ನೆ ಮಾಡಿ ಎಸೆತದ ಬಗೆಯನ್ನೂ ಅದು ಬೀಳಬೇಕಾದ ಸ್ಥಳವನ್ನೂ ಅವನು ಸೂಚಿಸುತ್ತಾನೆ. ೨೦೨೨ರಿಂದೀಚೆಗೆ ಗುಂಡಿಯೊತ್ತಿ ಪಿಚರನ ಟೋಪಿಯೊಳಗೆ ಪಿಸುಗುಟ್ಟುವ ಯಂತ್ರವೂ ಬಂದಿದೆ. ಪಿಚರ್ ಒಪ್ಪಿದರೆ ಎಸೆಯುತ್ತಾನೆ, ಒಪ್ಪದಿದ್ದರೆ ತಲೆಯಲ್ಲಾಡಿಸುತ್ತಾನೆ. ಹೀಗೆ ಒಂದು ಆಟದಲ್ಲಿ ನೂರಕ್ಕೂ ಹೆಚ್ಚು ಬಾರಿ ಇಬ್ಬರ ನಡುವೆ ಮಾತಿಲ್ಲದ ಸಂಭಾಷಣೆ ನಡೆಯುತ್ತದೆ. ಅಷ್ಟೇ ಬಾರಿ ಕ್ಯಾಚರ್ ಕುಳಿತು ಏಳುತ್ತಾನೆ. ನಾನು ತರಗತಿಯಲ್ಲಿ ಇಪ್ಪತ್ತು ಬಸ್ಕಿ ಹೊಡೆಸಿದರೆ ಮರುದಿನ ಮೆಟ್ಟಿಲು ಹತ್ತಲು ಒದ್ದಾಡುತ್ತಿದ್ದ ಮಹನೀಯರು ಈ ಪುಟದ ಓದುಗರಲ್ಲಿ ಇದ್ದೇ ಇದ್ದಾರೆ. ಅವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಆದುದರಿಂದ ಕ್ಯಾಚರುಗಳಿಗೆ ಮುಪ್ಪು ಬೇಗ ಬರುತ್ತದೆ. ಜಾನಿ ಬೆಂಚ್‌ರಂಥ ಮಹಾ ಆಟಗಾರರೂ ಕೊನೆಯ ವರ್ಷಗಳಲ್ಲಿ ಆ ಜಾಗ ಬಿಟ್ಟು ಬೇರೆಡೆ ನಿಲ್ಲಬೇಕಾಯಿತು. ಬಸ್ಟರ್ ಪೋಸಿ ೨೦೨೧ರಲ್ಲಿ, ಇನ್ನೂ ೩೪ನೆಯ ವಯಸ್ಸಿನಲ್ಲಿ, ಚೆನ್ನಾಗಿ ಆಡುತ್ತಿರುವಾಗಲೇ ನಿವೃತ್ತರಾದರು. ಕಾರ್ಲ್‌ಟನ್ ಫಿಸ್ಕ್ ೪೫ರವರೆಗೆ ಕುಳಿತದ್ದು ಅಪವಾದ. ಮೊದಲು ಸೋಲುವುದು ಕಾಲು, ಆಮೇಲೆ ಬ್ಯಾಟು. ಕಣ್ಣೂ ತಲೆಯೂ ಬಹುಕಾಲ ಸೋಲುವುದಿಲ್ಲ. ತೊಡಕು ಇರುವುದು ಅಲ್ಲಿಯೇ: ಸೋತಿರುವುದನ್ನು ಅಂಕಿಗಳಲ್ಲಿ ಬರೆಯಬಹುದು, ಉಳಿದಿರುವುದನ್ನು ಬರೆಯುವುದು ಹೇಗೆ?

೨೦೧೬ರ ಬೇಸಿಗೆಯಲ್ಲಿ ನಾನೂ ನಮ್ಮ ಮನೆಯವರೂ ಮಗಳ ಮನೆಯಲ್ಲಿದ್ದೆವು. ಲಾಸ್ ಏಂಜಲೀಸಿನ ಹೊರವಲಯ. ಅಲ್ಲಿನ ಡಾಡ್ಜರ್ಸ್ ತಂಡ ನಮ್ಮ ಮೊಮ್ಮಗನ ಪಾಲಿಗೆ ಮನೆದೇವರು. ಆಗ ಅವನಿಗೆ ಹದಿಮೂರು ವರ್ಷ. ಅಳಿಯಂದಿರು ಗಣಕಯಂತ್ರದ ಉದ್ಯೋಗದವರು; ಅವರಿಗೂ ಆಟದ ಮೇಲೆ ಪ್ರೀತಿಯುಂಟು, ಆದರೆ ಅದು ಅಂಕಿ ಅಂಶಗಳ ಮೂಲಕ ಹರಿಯುವ ಪ್ರೀತಿ. ಆಗಸ್ಟ್ ೨೫ರಂದು ಸುದ್ದಿ ಬಂತು: ಡಾಡ್ಜರ್ಸ್ ತಂಡದವರು ತಮ್ಮ ಕ್ಯಾಚರ್ ಎ.ಜೆ. ಎಲ್ಲಿಸ್‌ರನ್ನು ಫಿಲಡೆಲ್ಫಿಯಾದ ಫಿಲ್ಲೀಸ್ ತಂಡಕ್ಕೆ ಕೊಟ್ಟು, ಅಲ್ಲಿಂದ ಕಾರ್ಲೋಸ್ ರೂಯಿಜ್‌ರನ್ನು ತರಿಸಿಕೊಂಡಿದ್ದಾರೆ. ಎಲ್ಲಿಸ್‌ಗೆ ೩೫ ವರ್ಷ. ರೂಯಿಜ್‌ಗೆ ೩೭. ಮುದುಕನನ್ನು ಕೊಟ್ಟು ಇನ್ನೂ ಮುದುಕನನ್ನು ತಂದರಲ್ಲ ಎಂದು ನಮ್ಮ ಮನೆಯವರು ನಕ್ಕರು. ಮೊಮ್ಮಗ ನಗಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡ.

ಇಲ್ಲಿ 'ಟ್ರೇಡ್' ಎಂಬುದು ನಮ್ಮ ದನದ ಜಾತ್ರೆಯ ಸಾಟಿ ವ್ಯಾಪಾರದಂತೆ. ಎತ್ತಿಗೆ ಎತ್ತು, ಬೆಲೆ ಸರಿಹೋಗದಿದ್ದರೆ ಮೇಲೆ ಒಂದು ಕರುವನ್ನೋ ಒಂದಿಷ್ಟು ಹಣವನ್ನೋ ಸೇರಿಸುವುದು. ಎಲ್ಲಿಸ್ ಜೊತೆಗೆ ಡಾಡ್ಜರ್ಸ್ ಕಿರಿಯರ ತಂಡಗಳ ಹುಡುಗರನ್ನೂ ಕೊಟ್ಟಿತು; ರೂಯಿಜ್ ಜೊತೆಗೆ ಒಂದಿಷ್ಟು ಹಣವೂ ಬಂತು. ಎತ್ತಿನ ಬಾಯಿ ಬಿಡಿಸಿ ಹಲ್ಲೆಣಿಸುವವರಂತೆ ಇಲ್ಲಿ ಬ್ಯಾಟಿಂಗ್ ಸರಾಸರಿಯನ್ನು ನೋಡುತ್ತಾರೆ. ಆ ವರ್ಷ ಎಲ್ಲಿಸ್‌ರದು ೦.೧೯೪, ಎಂದರೆ ನೂರು ಅವಕಾಶಗಳಲ್ಲಿ ಇಪ್ಪತ್ತು ಹಿಟ್ಟೂ ಇಲ್ಲ. ರೂಯಿಜ್‌ರದು ೦.೨೬೧. ಇಬ್ಬರ ಹಲ್ಲೂ ಸವೆದಿತ್ತು, ಒಬ್ಬರದು ತುಸು ಕಡಿಮೆ.

ಇಷ್ಟೇ ಆಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಎಲ್ಲಿಸ್ ಮೊದಲನೆಯ ಕ್ಯಾಚರ್ ಆಗಿಯೂ ಉಳಿದಿರಲಿಲ್ಲ. ಆ ಸ್ಥಾನ ಯಾಸ್ಮನಿ ಗ್ರಾಂಡಾಲ್‌ರದು. ಆದರೆ ಎಲ್ಲಿಸ್ ಕ್ಲೇಟನ್ ಕರ್ಶಾ ಅವರ ಕ್ಯಾಚರ್. ಆ ಕಾಲದ ಅತ್ಯುತ್ತಮ ಪಿಚರ್ ಯಾರೆಂದರೆ ಕರ್ಶಾ ಎನ್ನದವರು ವಿರಳ. ೨೦೧೪ರ ಜೂನ್ ೧೮ರಂದು ಅವರು ಕೊಲರಾಡೊ ತಂಡಕ್ಕೆ ಒಂದೇ ಒಂದು ಹಿಟ್ಟನ್ನೂ ಕೊಡದೆ, ಹದಿನೈದು ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ ಆಟ ಮುಗಿಸಿದಾಗ ಎದುರಿಗೆ ಕುಳಿತಿದ್ದವರು ಎಲ್ಲಿಸ್. (ಅದಕ್ಕೆ ಒಂದು ತಿಂಗಳೂ ಆಗುವ ಮುಂಚೆ ಅದೇ ತಂಡದ ಇನ್ನೊಬ್ಬ ಪಿಚರ್ ಅಂಥದ್ದೇ ಸಾಧನೆ ಮಾಡಿದಾಗ, ಸಂಭ್ರಮಿಸಲು ಓಡಿದ ಎಲ್ಲಿಸ್ ಇನ್ನೊಬ್ಬ ಕ್ಯಾಚರ್ ಕಳಚಿ ಎಸೆದಿದ್ದ ಮುಖವಾಡದ ಮೇಲೆ ಕಾಲಿಟ್ಟು ಕಣಕಾಲು ಉಳುಕಿಸಿಕೊಂಡು ಕೆಲವು ವಾರ ಆಟದಿಂದ ಹೊರಗಿದ್ದರು. ಸಂತೋಷದಿಂದ ಗಾಯಗೊಂಡ ಆಟಗಾರನನ್ನು ನಾನು ಬೇರೆ ಕಂಡಿಲ್ಲ.) ಎಲ್ಲಿಸ್‌ರನ್ನು ಡಾಡ್ಜರ್ಸ್ ೨೦೦೩ರಲ್ಲಿ ಆರಿಸಿಕೊಂಡಿತ್ತು, ಹದಿಮೂರು ವರ್ಷ ಅದೇ ಸಂಸ್ಥೆಯಲ್ಲಿದ್ದವರು. ಅವರು ಹೋದ ದಿನ ಕರ್ಶಾ ಕಣ್ಣೀರಿಟ್ಟರೆಂದು ಪತ್ರಿಕೆಗಳೆಲ್ಲ ಬರೆದವು. ಆ ಹೊತ್ತಿಗೆ ಕರ್ಶಾ ಬೆನ್ನಿನ ಗಾಯದಿಂದ ಎರಡು ತಿಂಗಳಿಂದ ಆಡುತ್ತಿರಲಿಲ್ಲ. ಮರಳಿದ್ದು ಸೆಪ್ಟೆಂಬರ್ ೯ರಂದು. ಮರಳುವಾಗ ಅವರ ಮಿತ್ರ ಅಲ್ಲಿರಲಿಲ್ಲ.

ಅಂದಿನ ರಾತ್ರಿಯ ಊಟದ ಮೇಜಿನಲ್ಲಿ ನಡೆದ ವಾದವನ್ನು ನಾನು ಅನೇಕ ಬಾರಿ ಮನಸ್ಸಿನಲ್ಲಿ ಮರುಕಳಿಸಿಕೊಂಡಿದ್ದೇನೆ.

"ಮಾವ, ಇದರಲ್ಲಿ ಭಾವನೆಗೆ ಜಾಗ ಇಲ್ಲ" ಎಂದರು ಅಳಿಯಂದಿರು. ಅವರ ಸಮರ್ಥನೆ ಹೀಗಿತ್ತು. ಡಾಡ್ಜರ್ಸ್ ಆ ವರ್ಷ ಎಡಗೈ ಪಿಚರುಗಳ ಎದುರು ತೀರಾ ದುರ್ಬಲವಾಗಿತ್ತು. ರೂಯಿಜ್ ಬಲಗೈ ಬ್ಯಾಟುಗಾರ. ಅಂಥವನಿಗೆ ಎಡಗೈ ಎಸೆತ ಚೆನ್ನಾಗಿ ಕಾಣುತ್ತದೆ. ಇವರು ಆಡುತ್ತಿದ್ದ ನ್ಯಾಷನಲ್ ಲೀಗಿನಲ್ಲಿ ಆಗ ಪಿಚರುಗಳೂ ಬ್ಯಾಟು ಹಿಡಿಯಬೇಕಾಗಿತ್ತು; ೨೦೨೨ರಲ್ಲಿ ಆ ನಿಯಮ ಹೋಯಿತು. ಆದುದರಿಂದ ಆಟದ ಕೊನೆಯ ಭಾಗದಲ್ಲಿ ಪಿಚರನ ಬದಲು ಬ್ಯಾಟು ಹಿಡಿಯಲು ಬೆಂಚಿನಿಂದ ಏಳುವ ಆಸಾಮಿಗೆ ದೊಡ್ಡ ಬೆಲೆಯಿತ್ತು. ಎರಡನೆಯ ಕ್ಯಾಚರ್ ಎಂದರೆ ಬೆಂಚಿನ ಮೇಲೆ ಕುಳಿತವನೇ ತಾನೇ? ಅಲ್ಲದೆ ಆಗಸ್ಟ್ ೩೧ರೊಳಗೆ ಸಂಸ್ಥೆಗೆ ಸೇರಿದವರಿಗೆ ಮಾತ್ರ ಅಕ್ಟೋಬರಿನ ಅಂತಿಮ ಪಂದ್ಯಗಳಲ್ಲಿ ಆಡುವ ಅರ್ಹತೆ. ಹಾಗಾಗಿ ಈ ವಾರವೇ ಆಗಬೇಕು, ಬೇರೆ ಮುಹೂರ್ತವಿಲ್ಲ.

ವಾದಕ್ಕೆ ಸಾಕ್ಷಿ ಅದೇ ರಾತ್ರಿ ದೂರದರ್ಶನದಲ್ಲಿ ಬಂತು. ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ತಂಡದ ಮ್ಯಾಟ್ ಮೂರ್, ಅವರೂ ಎಡಗೈಯವರು, ಡಾಡ್ಜರ್ಸ್‌ಗೆ ಒಂದೂ ಹಿಟ್ ಕೊಡದೆ ಒಂಬತ್ತನೆಯ ಇನ್ನಿಂಗ್ಸಿಗೆ ಬಂದರು. ಇನ್ನೊಬ್ಬನನ್ನು ಔಟ್ ಮಾಡಿದರೆ ಇತಿಹಾಸ. ಆಗ ಕೋರಿ ಸೀಗರ್ ಒಂದು ಸಣ್ಣ ಹಿಟ್ ಹೊಡೆದು ಮಾನ ಉಳಿಸಿದರು. ಆಟ ೪-೦ರಲ್ಲಿ ಸೋತಿತು. ಮಿತ್ರನನ್ನು ಕಳೆದುಕೊಂಡ ದುಃಖದಲ್ಲಿ ತಂಡ ಮಂಕಾಗಿತ್ತು ಎಂದು ಮೊಮ್ಮಗ ಹೇಳಿದ. ಎಡಗೈ ಎಸೆತ ಆಡಲು ಬಾರದವರು ಅಳುತ್ತಿರಲಿ ನಗುತ್ತಿರಲಿ ಹೀಗೇ ಆಡುತ್ತಾರೆ ಎಂದು ಅಳಿಯಂದಿರು ಹೇಳಿದರು. ಒಂದೇ ಆಟ ಇಬ್ಬರ ಪಕ್ಷಕ್ಕೂ ಸಾಕ್ಷಿಯಾಗಿ ನಿಂತದ್ದು ನನಗೆ ಸೋಜಿಗವೆನಿಸಿತು.

ಮೊಮ್ಮಗನ ವಾದದಲ್ಲಿ ಅಂಕಿಗಳಿರಲಿಲ್ಲ. "ತಾತ, ಕರ್ಶಾ ಸುಸ್ತಾಗಿದಾರೆ ಅಂತ ಎಲ್ಲಿಸ್‌ಗೆ ಗೊತ್ತಾಗತ್ತೆ. ಕರ್ಶಾ ಯಾವತ್ತೂ ಹೇಳಲ್ಲ. ಇನ್ನು ಯಾರಿಗೆ ಗೊತ್ತಾಗತ್ತೆ?" ಎಂದ. ಹದಿಮೂರರ ಹುಡುಗನಿಗೆ ಇದು ಎಲ್ಲಿಂದ ಹೊಳೆಯಿತೋ ಕಾಣೆ. ಅಳಿಯಂದಿರು ಸುಮ್ಮನಾದರು, "ಅಪ್ಪ, ಸಾರು ಆರ್ತಾ ಇದೆ" ಎಂದು ಮಗಳು ಎಚ್ಚರಿಸಿದಳು.

ಇಲ್ಲಿ ನಾನೊಂದು ಹಳೆಯ ಪ್ರಸಂಗವನ್ನು ಹೇಳಬೇಕು. ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರೊಬ್ಬರಿದ್ದರು. ವಯಸ್ಸಾಗಿತ್ತು, ಗಂಟಲು ಹೋಗಿತ್ತು, ಹಿಂದಿನ ಬೆಂಚಿಗೆ ಪಾಠ ಕೇಳಿಸುತ್ತಿರಲಿಲ್ಲ. ಶಾಲೆ ಪ್ರಾರಂಭವಾಗಿ ಎರಡು ತಿಂಗಳು ಕಳೆದ ಮೇಲೆ, ಹತ್ತನೆಯ ತರಗತಿಯ ಪಾಠ ಅರ್ಧ ದಾರಿಯಲ್ಲಿರುವಾಗ, ಅವರಿಗೆ ವರ್ಗಾವಣೆಯ ಆದೇಶ ಬಂತು. ಅವರ ಜಾಗಕ್ಕೆ ಬೇರೆ ತಾಲ್ಲೂಕಿನಿಂದ ಹೆಚ್ಚುಕಡಿಮೆ ಅದೇ ವಯಸ್ಸಿನ ಇನ್ನೊಬ್ಬರು. ನಾನು ಮೇಲಿನ ಕಚೇರಿಗೆ ಎರಡು ಪತ್ರ ಬರೆದೆ, ಒಮ್ಮೆ ಬಸ್ಸು ಹತ್ತಿ ಹೋಗಿಯೂ ಬಂದೆ. ಹೊಸಬರ ಸೇವಾದಾಖಲೆ ಉತ್ತಮವಾಗಿದೆ, ನಿಮಗೆ ಲಾಭವೇ ಆಗಿದೆ ಎಂಬ ಉತ್ತರ ಸಿಕ್ಕಿತು. ಅದು ಸುಳ್ಳಾಗಿರಲಿಲ್ಲ. ಹೊಸ ಮೇಷ್ಟ್ರ ಧ್ವನಿ ಕೊನೆಯ ಬೆಂಚಿಗೂ ಕೇಳಿಸಿತು. ಪರೀಕ್ಷೆಯ ಫಲಿತಾಂಶ ಇಳಿಯಲಿಲ್ಲ.

ಆದರೆ ಆ ತರಗತಿಯಲ್ಲಿ ಉಗ್ಗುವ ಹುಡುಗನೊಬ್ಬನಿದ್ದ. ಹಳೆಯ ಮೇಷ್ಟ್ರು ಅವನ ಹತ್ತಿರ ಹೋಗಿ ನಿಂತು, ಅವನು ಬಾಯಿ ತೆರೆಯುವ ಮೊದಲೇ ಪಟ್ಟಿಯಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದಾನೆಂದು ಬೆರಳಿಟ್ಟು ತೋರಿಸುತ್ತಿದ್ದರು. ಹೊಸಬರು ಒಳ್ಳೆಯವರೇ, ಅವನ ಮೌನವನ್ನು ಅರ್ಥವಾಗಿದೆ ಎಂದು ತಿಳಿದರು. ಅವನು ಪಾಸೂ ಆದ. ಆದರೆ ಆ ವರ್ಷದ ಉಳಿದ ದಿನಗಳಲ್ಲಿ ಗಣಿತದ ತರಗತಿಯಲ್ಲಿ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇದನ್ನು ಯಾವ ಕಚೇರಿಯ ಯಾವ ನಮೂನೆಯ ಯಾವ ಕಲಮಿನಲ್ಲಿ ತುಂಬುವುದು? ಮೊಮ್ಮಗ ಎಲ್ಲಿಸ್‌ರ ವಿಷಯ ಹೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಆ ಹುಡುಗ.

ಆದರೂ ನಾನು ಕೂಡಲೇ ಮೊಮ್ಮಗನ ಪಕ್ಷ ಸೇರಿಬಿಡಲಿಲ್ಲ. ಕಾರಣ ರೂಯಿಜ್. ಎಲ್ಲಿಸ್‌ರಲ್ಲಿ ಲೆಕ್ಕಕ್ಕೆ ಸಿಗದ ಗುಣಗಳಿವೆ ಎಂದು ವಾದಿಸುವವರು ಬರುತ್ತಿರುವವರಲ್ಲಿಯೂ ಅವು ಇರಬಹುದೆಂಬುದನ್ನು ಮರೆಯುತ್ತಾರೆ. ಪನಾಮಾ ದೇಶದ ಈ ಮನುಷ್ಯನನ್ನು ೧೯೯೮ರಲ್ಲಿ ಫಿಲ್ಲೀಸ್ ತಂಡ ಕೇವಲ ೮,೦೦೦ ಡಾಲರಿಗೆ ಸೇರಿಸಿಕೊಂಡಿತು. ಆಗ ಅವರು ಕ್ಯಾಚರ್ ಕೂಡ ಅಲ್ಲ. ಎರಡನೆಯ ಬೇಸಿನಲ್ಲಿ ನಿಲ್ಲುತ್ತಿದ್ದವರಿಗೆ ಆಮೇಲೆ ಈ ವಿದ್ಯೆ ಕಲಿಸಿದರು. ೨೦೦೮ರಲ್ಲಿ ವಿಶ್ವ ಸರಣಿ ಗೆದ್ದ ತಂಡದ ಕ್ಯಾಚರ್ ಅವರೇ. ಹಿಟ್ಟಿಲ್ಲದ ಆಟಗಳನ್ನು ನಾಲ್ಕು ಬಾರಿ ಹಿಡಿದ ದಾಖಲೆಯಲ್ಲಿ ಬಾಸ್ಟನ್ನಿನ ಜೇಸನ್ ವ್ಯಾರಿಟೆಕ್‌ರಿಗೆ ಅವರು ಸಮಸಮ.

ಅದರಲ್ಲಿ ಎರಡು ಆಟಗಳು ರಾಯ್ ಹ್ಯಾಲಡೇ ಅವರವು, ಎರಡೂ ೨೦೧೦ರವು. ಹ್ಯಾಲಡೇ ಫಿಲಡೆಲ್ಫಿಯಾಕ್ಕೆ ಬಂದದ್ದೇ ೨೦೦೯ರ ಡಿಸೆಂಬರಿನ ಒಂದು ಟ್ರೇಡಿನ ಮೂಲಕ. ೨೦೧೦ರ ಮೇ ೨೯ರಂದು ಅವರು ಫ್ಲಾರಿಡಾ ತಂಡದ ವಿರುದ್ಧ ಪರಿಪೂರ್ಣ ಆಟ ಎಸೆದರು: ೨೭ ಮಂದಿ ಬಂದರು, ೨೭ ಮಂದಿ ಒಂದು ಬೇಸನ್ನೂ ಮುಟ್ಟದೆ ಮರಳಿದರು. ಪರಿಚಯವಾಗಿ ಆರು ತಿಂಗಳು ತುಂಬಿರಲಿಲ್ಲ, ಆಗಲೇ ರೂಯಿಜ್‌ರ ಬೆರಳನ್ನು ಹ್ಯಾಲಡೇ ಹಾಗೆ ನಂಬಿದ್ದರು. ಆಮೇಲೆ ತಂಡದ ಎಲ್ಲರಿಗೂ ಕೈಗಡಿಯಾರಗಳನ್ನು ಕಾಣಿಕೆ ಕೊಟ್ಟರು. ಅದೇ ಅಕ್ಟೋಬರ್ ೬ರಂದು, ಅಂತಿಮ ಪಂದ್ಯಗಳಲ್ಲಿ ತಮ್ಮ ಮೊದಲ ಆಟದಲ್ಲಿಯೇ, ಸಿನ್ಸಿನಾಟಿಗೆ ಒಂದೂ ಹಿಟ್ ಕೊಡಲಿಲ್ಲ. ಕೊನೆಯ ಚೆಂಡು ಬ್ಯಾಟಿಗೆ ತಾಗಿ ರೂಯಿಜ್‌ರ ಮುಂದೆಯೇ ಉರುಳಿ, ಕೆಳಗೆ ಬಿದ್ದಿದ್ದ ಬ್ಯಾಟಿನ ಪಕ್ಕಕ್ಕೆ ಬಂದು ನಿಂತಿತು. ಏಳಲು ಸಮಯವಿರಲಿಲ್ಲ. ಮಂಡಿಯೂರಿದಂತೆಯೇ ಎತ್ತಿ ಮೊದಲ ಬೇಸಿಗೆ ಎಸೆದರು, ಔಟಾಯಿತು. ಆ ದೃಶ್ಯವನ್ನು ನಾನು ಅಂತರಜಾಲದಲ್ಲಿ ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಲ್ಲ. ಮಂಡಿಯ ಮೇಲಿದ್ದು ಮಾಡುವ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು.

ಅಂದರೆ ನಂಬಿಕೆ ಹದಿಮೂರು ವರ್ಷ ಹಳತಾದರೇ ಹಣ್ಣಾಗುತ್ತದೆ ಎಂದೇನಿಲ್ಲ. ವಿದ್ಯೆ ಬಲ್ಲ ಇಬ್ಬರ ನಡುವೆ ಅದು ಒಂದು ಚಳಿಗಾಲದಲ್ಲಿಯೂ ಬೆಳೆಯಬಲ್ಲದು. ನಾನು ಇದನ್ನು ಮೊಮ್ಮಗನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಯೋಚಿಸಿ, "ಅವರಿಗೆ ಮಾರ್ಚಿಂದ ಟೈಮ್ ಇತ್ತಲ್ಲ ತಾತ. ಇವರಿಗೆ ಒಂದೇ ತಿಂಗಳು" ಎಂದ. ಒಪ್ಪಬೇಕಾದ ಮಾತು. ಹೊಸ ಕ್ಯಾಚರ್ ಬಂದ ಮೇಲೆ ಹತ್ತಾರು ಪಿಚರುಗಳ ಎಸೆತಗಳನ್ನೂ ಸ್ವಭಾವಗಳನ್ನೂ ಕಲಿಯಬೇಕು. ವರ್ಷಾರಂಭದ ಅಭ್ಯಾಸ ಶಿಬಿರಗಳಿರುವುದು ಅದಕ್ಕೇ. ಆಗಸ್ಟಿನ ಕೊನೆಯಲ್ಲಿ ಬಂದವನು ಪರೀಕ್ಷೆಯ ಮುನ್ನಾದಿನ ಶಾಲೆಗೆ ಸೇರಿದವನಂತೆ.

ಮುದಿ ಕ್ಯಾಚರುಗಳ ವಿಷಯದಲ್ಲಿ ಲೆಕ್ಕದವರೇ ಒಮ್ಮೆ ಎಲ್ಲರನ್ನೂ ಚಕಿತಗೊಳಿಸಿದ್ದುಂಟು. ಗೆರೆಯ ಅಂಚಿಗೆ ಬಂದ ಚೆಂಡನ್ನು ಕೈಗವಸು ಅಲುಗದಂತೆ ಹಿಡಿದು, ಅಂಪೈರನಿಗೆ ಅದು ಒಳಗೇ ಬಂತೆಂದು ತೋರಿಸುವ ಒಂದು ಕೌಶಲವಿದೆ, 'ಫ್ರೇಮಿಂಗ್' ಎನ್ನುತ್ತಾರೆ. ನಮ್ಮ ಕೆಲವು ಹುಡುಗರು ದುಂಡಾದ ಕೈಬರಹದಿಂದಲೇ ೩೪ ಅಂಕವನ್ನು ೩೫ ಮಾಡಿಸಿಕೊಳ್ಳುತ್ತಿದ್ದರಲ್ಲ, ಹಾಗೆ. ಕ್ರೀಡಾಂಗಣಗಳಲ್ಲಿ ಪ್ರತಿ ಎಸೆತವನ್ನೂ ಅಳೆಯುವ ಕ್ಯಾಮೆರಾಗಳು ಬಂದ ಮೇಲೆ, ೨೦೧೧ರಲ್ಲಿ ಮೈಕ್ ಫಾಸ್ಟ್ ಎಂಬ ವಿಶ್ಲೇಷಕರು ಈ ಕೌಶಲಕ್ಕೆ ಅಂಕ ಹಾಕಿ ತೋರಿಸಿದರು. ಹೋಸೆ ಮೊಲೀನಾ ಎಂಬ, ಓಡಲಾರದ, ಹೊಡೆಯಲಾರದ ಕ್ಯಾಚರ್ ಮುಂಚೂಣಿಯಲ್ಲಿದ್ದರು! ಅದೇ ವರ್ಷದ ಕೊನೆಯಲ್ಲಿ ಟ್ಯಾಂಪಾ ಬೇ ತಂಡ ೩೬ ವರ್ಷದ ಮೊಲೀನಾರನ್ನು ಕರೆದುಕೊಂಡು ಮೂರು ವರ್ಷ ಇಟ್ಟುಕೊಂಡಿತು. ೨೦೧೪ರಲ್ಲಿ ಅವರ ಸರಾಸರಿ ೦.೧೭೮. ಎಲ್ಲಿಸ್‌ರದಕ್ಕಿಂತಲೂ ಕಡಿಮೆ. ಆ ತಂಡದ ಆಡಳಿತ ನೋಡುತ್ತಿದ್ದವರು ಆಂಡ್ರೂ ಫ್ರೀಡ್‌ಮನ್; ೨೦೧೬ರಲ್ಲಿ ಡಾಡ್ಜರ್ಸ್ ಆಡಳಿತದ ಮುಖ್ಯಸ್ಥರಾಗಿ ಎಲ್ಲಿಸ್‌ರನ್ನು ಕಳುಹಿಸಿದವರೂ ಅವರೇ. ಆದುದರಿಂದ ಅವರಿಗೆ ಮುದುಕರ ಬೆಲೆ ತಿಳಿಯದು ಎನ್ನುವಂತಿಲ್ಲ. ನಿನ್ನೆಯವರೆಗೆ ಲೆಕ್ಕಕ್ಕೆ ಸಿಗದಿದ್ದದ್ದು ಇಂದು ಸಿಕ್ಕಿತು, ಸಿಕ್ಕೊಡನೆ ಅದಕ್ಕೆ ಬೆಲೆ ಬಂತು. ಕರ್ಶಾ ಸುಸ್ತಾಗಿದ್ದಾರೆಂದು ಬಲ್ಲ ಕಣ್ಣಿಗೆ ಅಂಕ ಹಾಕುವವರು ಇನ್ನೂ ಹುಟ್ಟಿರಲಿಲ್ಲ, ಅಷ್ಟೆ. ಅಂದಹಾಗೆ ಫ್ರೇಮಿಂಗಿನ ಬೆಲೆಯೂ ಇನ್ನು ಇಳಿಯುವ ಸಂಭವವಿದೆ: ಅಂಪೈರನ ತೀರ್ಪನ್ನು ಆಟಗಾರರು ತಲೆ ತಟ್ಟಿ ಪ್ರಶ್ನಿಸಿ ಕ್ಯಾಮೆರಾದ ಮೊರೆಹೋಗುವ ಪದ್ಧತಿಯನ್ನು ೨೦೨೬ರ ಋತುವಿನಿಂದ ತರಲು ೨೦೨೫ರಲ್ಲಿ ನಿರ್ಧರಿಸಿದರು.

ಇಂಥ ವ್ಯಾಪಾರ ಕೆಟ್ಟದ್ದೂ ಉಂಟು. ೨೦೦೮ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಹೋರ್ಹೆ ಪೊಸಾಡಾ ಭುಜದ ಗಾಯದಿಂದ ಹೊರಗುಳಿದಾಗ, ಜುಲೈ ೩೦ರಂದು ಡೆಟ್ರಾಯಿಟ್ಟಿನಿಂದ ಇವಾನ್ ರೊಡ್ರಿಗೆಜ್‌ರನ್ನು ತರಿಸಿದರು. ೩೬ ವರ್ಷ, ಆದರೆ ಹೆಸರು ಎಂಥದ್ದು! ಕ್ಯಾಚರ್ ಆಗಿ ಅತಿ ಹೆಚ್ಚು ಆಟಗಳನ್ನಾಡಿದ ದಾಖಲೆಯನ್ನು ಮರುವರ್ಷ ಫಿಸ್ಕ್‌ರಿಂದ ಕಸಿದುಕೊಂಡ ಮಹಾನುಭಾವ. ನ್ಯೂಯಾರ್ಕಿನಲ್ಲಿ ಅವರು ಹೊಡೆದದ್ದು ೦.೨೧೯. ೧೯೯೩ರ ನಂತರ ಮೊದಲ ಬಾರಿಗೆ ಯಾಂಕೀಸ್ ಅಂತಿಮ ಪಂದ್ಯಗಳಿಗೆ ಅರ್ಹತೆ ಕಳೆದುಕೊಂಡಿತು. ಡೆಟ್ರಾಯಿಟ್ ತನ್ನ ವಿಭಾಗದಲ್ಲಿ ಕೊನೆಗೆ ಬಿತ್ತು. ಅಲ್ಲಿ ಕೊಂಡದ್ದು ಹೆಸರನ್ನು. ಬೇಕಾಗಿದ್ದದ್ದು ದಿನಾಲೂ ಕುಳಿತೇಳುವ ಮಂಡಿಯನ್ನು. ರೂಯಿಜ್ ವಿಷಯದಲ್ಲಿ ಹಾಗಾಗಲಿಲ್ಲ. ಅವರಿಂದ ಯಾರೂ ದಿನಾಲೂ ದುಡಿಮೆ ನಿರೀಕ್ಷಿಸಿರಲಿಲ್ಲ. ವಾರಕ್ಕೆ ಒಂದೆರಡು ದಿನ ಹಿಡಿಯುವುದು, ಉಳಿದಂತೆ ಎಡಗೈಯವನು ಬಂದ ಹೊತ್ತಿಗೆ ಎದ್ದು ಹೋಗಿ ಒಂದು ಹಿಟ್ ಹೊಡೆಯುವುದು.

ಅದನ್ನು ಅವರು ಮಾಡಿದರು. ಅಕ್ಟೋಬರಿನಲ್ಲಿ ವಾಷಿಂಗ್ಟನ್ ತಂಡದೊಡನೆ ಐದು ಆಟಗಳ ಸರಣಿ. ಮೂರನೆಯ ಆಟದಲ್ಲಿ ಬದಲಿಯಾಗಿ ಬಂದು, ಎಡಗೈಯ ಜಿಯೋ ಗೊನ್ಜಾಲೆಜ್‌ರ ಎಸೆತವನ್ನು ಹೋಮ್‌ರನ್ ಹೊಡೆದರು. ಆಟವೇನೋ ಸೋತಿತು. ಸರಣಿ ೨-೨ ಆಗಿ, ಅಕ್ಟೋಬರ್ ೧೩ರ ಐದನೆಯ ಆಟದ ಏಳನೆಯ ಇನ್ನಿಂಗ್ಸಿನಲ್ಲಿ, ೧-೧ ಇದ್ದಾಗ, ರೂಯಿಜ್ ಮತ್ತೆ ಬೆಂಚಿನಿಂದೆದ್ದು ಬಂದು ಹಿಟ್ ಹೊಡೆದು ತಂಡಕ್ಕೆ ಮುನ್ನಡೆ ಕೊಟ್ಟರು. ೪-೩ರ ಅಂಚಿನಲ್ಲಿ ಆಟ ನಡುಗುತ್ತಿರುವಾಗ, ಎರಡು ದಿನ ಮುಂಚೆಯಷ್ಟೇ ೧೧೦ ಎಸೆತ ಎಸೆದಿದ್ದ ಕರ್ಶಾ ಮತ್ತೆ ಕಣಕ್ಕಿಳಿದು ಕೊನೆಯ ಇಬ್ಬರನ್ನು ಔಟ್ ಮಾಡಿದರು. ಆ ವೇಳೆಗೆ ನಾವು ಊರಿಗೆ ಮರಳಿದ್ದೆವು. ಅಳಿಯಂದಿರು ದೂರವಾಣಿ ಮಾಡಿ, "ನೋಡಿದ್ರಾ ಮಾವ?" ಎಂದಷ್ಟೇ ಹೇಳಿದರು. ಮೊಮ್ಮಗನೂ ಕುಣಿಯುತ್ತಿದ್ದದ್ದು ಹಿನ್ನೆಲೆಯಲ್ಲಿ ಕೇಳಿಸುತ್ತಿತ್ತು. ಮುಂದಿನ ಸರಣಿಯಲ್ಲಿ ಷಿಕಾಗೊ ಕಬ್ಸ್ ಎದುರು ತಂಡ ೪-೨ರಿಂದ ಸೋತಿತು. ಆರನೆಯ, ಕೊನೆಯ ಆಟದಲ್ಲಿ ಸೋತ ಪಿಚರ್ ಕರ್ಶಾ ಅವರೇ. ಅಲ್ಲಿ ಎಲ್ಲಿಸ್ ಇದ್ದಿದ್ದರೆ ಏನಾಗುತ್ತಿತ್ತು ಎಂದು ಮೊಮ್ಮಗ ಕೇಳಿದ. ಯಾರು ಹೇಳಬಲ್ಲರು?

ಒಂದು ಹಿಟ್ಟಿನಿಂದ ವ್ಯಾಪಾರ ಸರಿಯೆಂದು ಸಾಧಿಸಲಾಗದು, ಒಂದು ಸೋಲಿನಿಂದ ತಪ್ಪೆಂದೂ ಸಾಧಿಸಲಾಗದು. ಆದರೂ ಮೇಷ್ಟ್ರಾದವನು ಅಂಕ ಹಾಕದೆ ಉತ್ತರಪತ್ರಿಕೆ ಹಿಂದಿರುಗಿಸಬಾರದು. ನನ್ನ ಮಟ್ಟಿಗೆ ಆ ಟ್ರೇಡ್ ಸರಿಯಾದದ್ದೇ. ಬೇಕಾಗಿದ್ದ ಕೆಲಸ ಚಿಕ್ಕದು, ಸ್ಪಷ್ಟವಾದದ್ದು. ತಂದ ಮನುಷ್ಯ ಅದಕ್ಕೆ ತಕ್ಕವನು. ಅವನ ಇಳಿಗಾಲ ಆ ಕೆಲಸಕ್ಕೆ ಅಡ್ಡಿಯಾಗುವಷ್ಟು ಮುಂದುವರಿದಿರಲಿಲ್ಲ. ನನಗೆ ಒಪ್ಪಿಗೆಯಾಗದ್ದು ಅಳಿಯಂದಿರ ಮೊದಲನೆಯ ವಾಕ್ಯ. ಭಾವನೆಗೆ ಜಾಗವಿಲ್ಲ ಎಂದರಲ್ಲ, ಆ ಮಾತು. ಕರ್ಶಾ ಅತ್ತದ್ದು ಖರ್ಚಿನ ಕಡೆಯ ಒಂದು ಬಾಬ್ತು. ಅದರ ಮೊತ್ತ ಎಷ್ಟೆಂದು ತಿಳಿಯದಿದ್ದರೂ ಬಾಬ್ತನ್ನು ಬರೆಯಬೇಕು, ಮೊತ್ತದ ಜಾಗ ಖಾಲಿ ಬಿಟ್ಟರೂ ಸರಿಯೇ. ಆ ಕಚೇರಿಯವರು ನನಗೆ "ಲಾಭವೇ ಆಗಿದೆ" ಎಂದು ಹೇಳದೆ, "ನಷ್ಟವೂ ಇದೆ, ಆದರೂ ಕಳುಹಿಸುತ್ತಿದ್ದೇವೆ" ಎಂದಿದ್ದರೆ ನಾನು ಇಷ್ಟು ವರ್ಷ ಅದನ್ನು ನೆನೆಯುತ್ತಿರಲಿಲ್ಲವೇನೋ.

ರೂಯಿಜ್‌ರನ್ನು ಡಾಡ್ಜರ್ಸ್ ಆ ನವೆಂಬರಿನಲ್ಲಿಯೇ ಸಿಯಾಟಲ್ಲಿಗೆ ಕೊಟ್ಟು ಒಬ್ಬ ಎಡಗೈ ಪಿಚರನನ್ನು ತಂದುಕೊಂಡಿತು. ೨೦೧೭ ಅವರ ಕೊನೆಯ ವರ್ಷ. ಅದೇ ನವೆಂಬರಿನಲ್ಲಿ ಹ್ಯಾಲಡೇ ತಮ್ಮ ಪುಟ್ಟ ವಿಮಾನ ಬಿದ್ದು ತೀರಿಕೊಂಡರು. ಎಲ್ಲಿಸ್ ಮಯಾಮಿಯಲ್ಲಿ ಒಂದು ವರ್ಷ, ಸ್ಯಾನ್ ಡಿಯಾಗೊದಲ್ಲಿ ಒಂದು ವರ್ಷ ಆಡಿ, ೨೦೧೮ರ ನಂತರ ಆಟ ನಿಲ್ಲಿಸಿದರು.

ಕರ್ಶಾ ಮುಂದೆ ಇನ್ನೊಬ್ಬ ಕ್ಯಾಚರ್‌ಗೆ ಒಗ್ಗಿಕೊಂಡರು: ಆಸ್ಟಿನ್ ಬಾರ್ನ್ಸ್. ಹೊಡೆತದಲ್ಲಿ ಸಾಧಾರಣ, ಹಿಡಿತದಲ್ಲಿ ಚತುರ. ೨೦೨೦ರಲ್ಲಿ ಡಾಡ್ಜರ್ಸ್ ವಿಶ್ವ ಸರಣಿ ಗೆದ್ದ ಕೊನೆಯ ಎಸೆತವನ್ನು ಹಿಡಿದವರು. ೨೦೨೫ರ ಮೇ ೧೪ರಂದು ತಂಡ ಒಬ್ಬ ಯುವಕನಿಗೆ ಜಾಗ ಮಾಡಲು ಬಾರ್ನ್ಸ್‌ರನ್ನು ಕೈಬಿಟ್ಟಿತು. ಕರ್ಶಾ ಆಗಲೂ ಗಾಯದಿಂದ ಹೊರಗಿದ್ದರು. ಮೂರು ದಿನ ಬಿಟ್ಟು, ಮೇ ೧೭ರಂದು, ಮರಳಿ ಕಣಕ್ಕೆ ಬಂದರು. ಆ ವರ್ಷ ತಂಡ ವಿಶ್ವ ಸರಣಿ ಗೆದ್ದಿತು, ಕರ್ಶಾ ನಿವೃತ್ತರಾದರು. ಬಾರ್ನ್ಸ್ ಹೋದ ದಿನ ಅಳಿಯಂದಿರಿಂದ ನನಗೊಂದು ಸಂದೇಶ ಬಂದಿತ್ತು. ಅದರಲ್ಲಿ ಸರಾಸರಿಯೂ ಇರಲಿಲ್ಲ, ವಾದವೂ ಇರಲಿಲ್ಲ. "ಮಾವ, ಇವರಿಗೂ ಮೂವತ್ತೈದೇ" ಎಂದು ಬರೆದಿದ್ದರು.